ಬೋರ್ಡಿಲ್ಲದ ಅಂಗಡಿಯ ರೇಟು

(ಶಿವಮೊಗ್ಗದಲ್ಲಿ ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರು, ಕೆಲವು ಮಹಿಳಾ ಸಂಘದವರು ಸೇರಿದ್ದ ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಅಲ್ಲಲ್ಲಿ ತಿದ್ದಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ರಾಶಿ ಅಡಿಕೆ ಕ್ವಿಂಟಲ್‌ಗೆ ಎಷ್ಟು? ನೋಡಿ, ಆಗಲೇ ನಾಲ್ಕು ಕೈ ಎದ್ದವು. ಮನೆಯಲ್ಲಿ ತೋಟ ಇಲ್ಲದವರೂ ಹೇಳುತ್ತೀರಿ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು ಅಂತ ಬೆಳಗಾದರೆ ಪೇಪರ್‌ನಲ್ಲಿ ಬರುತ್ತದೆ, ಮಧ್ಯಾಹ್ನದೊಳಗೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇಳಿದರೆ ಟೀ ಅಂಗಡಿಯಲ್ಲಿ ಸೂತಕದ ಕಳೆ. ಏರಿದರೆ ಮದುವೆ ಮಾತುಕತೆ ಶುರು.

ಈಗ ಇದೇ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ ರೇಟು ಒಂದಿದೆ. ಕೊಡುವವರಿಗೆ ಗೊತ್ತು, ತಗೊಳ್ಳುವವರಿಗೆ ಗೊತ್ತು. ಬರೆದಿಡೋಕೆ ಆಗುವುದಿಲ್ಲ, ಬೋರ್ಡು ಹಾಕೋಕೆ ಆಗುವುದಿಲ್ಲ, ಪಕ್ಕದ ಅಂಗಡಿಯಲ್ಲಿ ಎಷ್ಟು ಅಂತ ಕೇಳೋಕೂ ಕಷ್ಟ. ಹಾಲು, ಗ್ಯಾಸು, ಬಾಡಿಗೆ ಎಲ್ಲ ಏರುವಾಗ ಆ ರೇಟು, ಅಂದರೆ ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರ ರೇಟು, ಏನಾಗುತ್ತದೆ ಅನ್ನುವುದು ಇವತ್ತಿನ ವಿಷಯ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಲೆಕ್ಕ ಬರೆಯುವವಳು. ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದೆ, ಆಮೇಲೆ ಒಂದು ಆರೋಗ್ಯ ಯೋಜನೆಯವರು ಕರೆದರು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗೆ ಉಳಿತಾಯದ ಪುಸ್ತಕ ಬರೆಯೋದು ಕಲಿಸಬೇಕಿತ್ತು. ಮೂರು ತಿಂಗಳ ಕೆಲಸ ಅಂದಿದ್ದರು, ಹಲವಾರು ವರ್ಷ ಎಳೆಯಿತು. ನಾನು ಕಲಿಸಿದ್ದಕ್ಕಿಂತ ಕಲಿತದ್ದು ಜಾಸ್ತಿ. ಮೊದಲ ದಿನ ನಾನು ಚಾರ್ಟ್ ಅಂಟಿಸಿ 'ಆದಾಯ ಮೈನಸ್ ಖರ್ಚು ಅಂದರೆ ಉಳಿತಾಯ' ಅಂತ ಶುರು ಮಾಡಿದೆ. ಹಿಂದೆ ಕೂತಿದ್ದ ಅಕ್ಕ ಒಬ್ಬರು, "ಮೇಡಂ, ನಮ್ದು ತಲೆಕೆಳಗು. ಖರ್ಚು ಮೊದ್ಲು ಬರುತ್ತೆ, ಆಮೇಲೆ ಆದಾಯ ಹುಡುಕ್ಕೊಂಡು ಹೋಗ್ತೀವಿ" ಅಂದರು. ಎಲ್ಲರೂ ನಕ್ಕರು. ಚಾರ್ಟ್ ಬಿಚ್ಚಿ ಇಟ್ಟೆ.

ಎಸ್ಕಾರ್ಟ್ ಅನ್ನುವ ಪದವೂ ನನ್ನ ಮಾತಿನಲ್ಲಿ ಬರುತ್ತದೆ, ಅದರ ಬಗ್ಗೆ ಎರಡು ಮಾತು. ಬೆಂಗಳೂರು ಕಡೆ, ಫೋನಿನಲ್ಲೇ ಎಲ್ಲ ಮಾತಾಡಿ ಗಂಟೆ ಲೆಕ್ಕದಲ್ಲಿ ಹೋಗುವವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ನಮ್ಮ ಕಡೆ ಆ ಪದ ಬಳಸುವವರು ಕಡಿಮೆ, ಆದರೆ ಫೋನಿನಲ್ಲಿ ಕೆಲಸ ಮಾಡುವ ರೀತಿ ಇಲ್ಲಿಗೂ ಬಂದು ವರ್ಷಗಳಾಯಿತು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದವರು ಈಗ ಮನೆಯಲ್ಲಿ ಅಡುಗೆ ಮಾಡುತ್ತಾ ಫೋನ್ ಕಾಯುತ್ತಾರೆ. ನಾನು ಮಾತಾಡುತ್ತಿರುವುದು ವಯಸ್ಕರ ಬಗ್ಗೆ, ತಾವೇ ಒಪ್ಪಿ ಮಾಡುವವರ ಬಗ್ಗೆ. ಮಕ್ಕಳನ್ನು ತಳ್ಳುವುದು, ಬೆದರಿಸಿ ಇಟ್ಟುಕೊಳ್ಳುವುದು ಅಪರಾಧ. ಅಲ್ಲಿ ರೇಟಿನ ಮಾತೇ ಬರುವುದಿಲ್ಲ.

ಕಾನೂನಿನಿಂದ ಶುರು ಮಾಡೋಣ, ಯಾಕೆಂದರೆ ರೇಟಿನ ಅರ್ಧ ಕಥೆ ಅಲ್ಲೇ ಇದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇದೆಯಲ್ಲ, ಅದು ಒಬ್ಬ ವಯಸ್ಕ ಹೆಂಗಸು ತಾನೇ ಈ ಕೆಲಸ ಮಾಡುವುದನ್ನು ಅಪರಾಧ ಅನ್ನುವುದಿಲ್ಲ. ಆದರೆ ಸುತ್ತಲಿನದೆಲ್ಲ ಅಪರಾಧ. ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆಯುವುದು ತಪ್ಪು, ಜಾಗ ಕೊಡುವುದು ತಪ್ಪು, ಆ ದುಡಿಮೆಯಲ್ಲಿ ಗೊತ್ತಿದ್ದೂ ಬದುಕುವ 18 ದಾಟಿದವರು ತಪ್ಪಿತಸ್ಥರು. ಅಂದರೆ ಅಂಗಡಿ ಇಟ್ಟುಕೋ, ಬಾಗಿಲು ತೆರೆಯಬೇಡ ಅಂದ ಹಾಗೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್, ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ, ಒಪ್ಪಿ ಕೆಲಸ ಮಾಡುವ ವಯಸ್ಕರಿಗೆ ಪೊಲೀಸರು ಕಿರುಕುಳ ಕೊಡಬಾರದು, ಘನತೆಯಿಂದ ನಡೆಸಿಕೊಳ್ಳಬೇಕು ಅಂತ ಹೇಳಿತು. ಒಳ್ಳೆಯದೇ. ಕಾಯ್ದೆ ಮಾತ್ರ ಇದ್ದ ಹಾಗೇ ಇದೆ.

ಇನ್ನೊಂದು ಕಾನೂನು ಯಾರಿಗೂ ನೆನಪಾಗುವುದಿಲ್ಲ. 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್. ಕಾನೂನಿಗೆ ವಿರುದ್ಧವಾದ, ನೀತಿಗೆ ಹೊರತಾದ ಉದ್ದೇಶಕ್ಕೆ ಮಾಡಿಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ. ಟೈಲರ್‌ಗೆ ಹೊಲಿಗೆ ದುಡ್ಡು ಕೊಡದಿದ್ದರೆ ಅವನು ಕೇಸು ಹಾಕಬಹುದು. ಇವರು ಎಲ್ಲಿಗೆ ಹೋಗಬೇಕು? ಅದಕ್ಕೇ ಇಲ್ಲಿ ದುಡ್ಡು ಮೊದಲು, ಎಣಿಸಿ ಬ್ಯಾಗಿಗೆ ಹಾಕಿದ ಮೇಲೆ ಮಾತು. ಒರಟುತನ ಅಂತ ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರಂತೆ.

ಸರಿ, ಲೆಕ್ಕಕ್ಕೆ ಬರುತ್ತೇನೆ. ಆ ಅಕ್ಕ ಹೇಳಿದ ಹಾಗೆ ತಲೆಕೆಳಗಾದ ಲೆಕ್ಕ. ಬೋರ್ಡಿನ ಮೇಲೆ ಬರೆಯುತ್ತೇನೆ, ಇದು ಯಾರೋ ಒಬ್ಬರ ಪುಸ್ತಕ ಅಲ್ಲ, ನಿಮಗೆ ತೋರಿಸಲಿಕ್ಕೆ ಅಂತ ನಾನೇ ಹೊಂದಿಸಿದ್ದು. ಒಬ್ಬ ತಾಯಿ, ಒಬ್ಬ ಮಗಳು. ಮನೆ ಬಾಡಿಗೆ 5,000. ರೇಷನ್, ಗ್ಯಾಸ್, ಹಾಲು, ತರಕಾರಿ 6,500. ಮಗಳ ಫೀಸು, ಬಸ್ಸು ಸೇರಿ 2,500. ಮೈಕ್ರೋ ಫೈನಾನ್ಸ್ ಸಾಲದ ವಾರದ ಕಂತು 1,000, ತಿಂಗಳಿಗೆ 4,000. ಊರಲ್ಲಿರುವ ಅಮ್ಮನ ಮಾತ್ರೆಗೆ 2,000. ಒಟ್ಟು 20,000. ಗೃಹಲಕ್ಷ್ಮಿಯ 2,000 ಯಾಕೆ ಕಳೆಯಲಿಲ್ಲ ಅಂತ ಕೇಳಬೇಡಿ. ಬಂದಾಗ ಬಂತು, ಅದನ್ನು ನಂಬಿ ಯಾರೂ ಕಂತು ಕಟ್ಟುವುದಿಲ್ಲ.

ಈಗ ದಿನ ಎಷ್ಟು? ತಿಂಗಳಿಗೆ ಮೂವತ್ತು ಅಂತ ಬರೆದವರು ಗಂಡಸರು, ಖಂಡಿತ. ಮುಟ್ಟಿನ ಐದು ದಿನ ತೆಗೆಯಿರಿ. ಭಾನುವಾರ ಮಗಳು ಮನೆಯಲ್ಲಿರುತ್ತಾಳೆ, ನಾಲ್ಕು ತೆಗೆಯಿರಿ. ಜ್ವರ, ಮಳೆ, ಬರುತ್ತೇನೆ ಅಂದವನು ಬಾರದೆ ಹೋದದ್ದು, 'ಇವತ್ತು ಟೈಟ್ ಇದೆ, ಬರಬೇಡ' ಅಂತ ಲಾಡ್ಜಿನ ಹುಡುಗ ಫೋನ್ ಮಾಡಿದ್ದು, ಎಲ್ಲ ಸೇರಿ ಆರು. ಉಳಿದದ್ದು ಹದಿನೈದು. ದಿನಕ್ಕೆ ಇಬ್ಬರು ಅಂದರೆ ತಿಂಗಳಿಗೆ ಮೂವತ್ತು ಗಿರಾಕಿ. 20,000 ಭಾಗಿಸು ಮೂವತ್ತು, ತಲಾ 667 ರೂಪಾಯಿ ಮನೆಗೆ ಹೋಗಬೇಕು.

ಅದರ ಮೇಲೆ ಕೆಲಸದ ಖರ್ಚು. ರೂಮಿಗೆ ಅವಳ ಪಾಲು 400. ಆಟೊ 100. ಸೋಪು, ಕಾಂಡೋಮು, ಫೋನ್ ರೀಚಾರ್ಜು ಎಲ್ಲ ಸೇರಿ 33. ಒಟ್ಟು 1,200. ಇದು ಅವಳ ರೇಟು. ರೂಪಕ್ಕೂ ವಯಸ್ಸಿಗೂ ಇಲ್ಲಿ ಇನ್ನೂ ಜಾಗವೇ ಬಂದಿಲ್ಲ, ಗಮನಿಸಿದಿರಾ? ಅವು ಬರುವುದು ಆಮೇಲೆ, ಇದಕ್ಕಿಂತ ಎಷ್ಟು ಮೇಲೆ ಕೇಳಬಹುದು ಅನ್ನುವಾಗ. ಇದಕ್ಕಿಂತ ಕೆಳಗೆ ಇಳಿದರೆ ಮನೆ ನಡೆಯುವುದಿಲ್ಲ.

ಈಗ ಬೆಲೆ ಏರಿಸೋಣ. ನಂದಿನಿಯ ನೀಲಿ ಪ್ಯಾಕೆಟ್ ಹಾಲು 2023ರ ಜುಲೈವರೆಗೆ ಲೀಟರ್‌ಗೆ 39 ಇತ್ತು, ಆಗಸ್ಟ್‌ನಲ್ಲಿ 42 ಆಯಿತು, 2025ರ ಏಪ್ರಿಲ್ 1ರಿಂದ 46. ಸರ್ಕಾರಿ ಬಸ್ ದರ 2025ರ ಜನವರಿಯಲ್ಲಿ ನೂರಕ್ಕೆ 15 ಏರಿತು. ಫೋನ್ ರೀಚಾರ್ಜ್ 2024ರ ಜುಲೈನಲ್ಲಿ ಒಂದೇ ಸಲ ಜಿಗಿಯಿತು, ಜಿಯೋದಲ್ಲಿ 28 ದಿನಕ್ಕೆ 239 ಇದ್ದದ್ದು 299. ನಮಗೆ ಅದು ರೀಲ್ಸ್ ನೋಡುವ ಖರ್ಚು. ಫೋನಿನಲ್ಲೇ ಕೆಲಸ ಮಾಡುವವಳಿಗೆ ಅದು ಅಂಗಡಿ ಬಾಡಿಗೆ, ಅದೂ ಎರಡೆರಡು, ಯಾಕೆಂದರೆ ಮನೆಗೊಂದು ಸಿಮ್ಮು ಕೆಲಸಕ್ಕೊಂದು ಸಿಮ್ಮು ಇರುತ್ತದೆ. ಹೀಗೆ ಮನೆ ಖರ್ಚು ನೂರಕ್ಕೆ ಹತ್ತು ಏರಿತು ಅಂತಿಟ್ಟುಕೊಳ್ಳಿ, 22,000. ರೂಮಿನ ಪಾಲು 400 ಇದ್ದದ್ದು 500 ಆಯಿತು. ಲೆಕ್ಕದ ಪ್ರಕಾರ ಅವಳು ಈಗ 1,366 ಕೇಳಬೇಕು.

ಕೇಳುತ್ತಾಳಾ? ಕೇಳುವುದಿಲ್ಲ. ಗಿರಾಕಿ ಹೋದ ಸಲ 1,200 ಕೊಟ್ಟಿದ್ದ, ಈ ಸಲವೂ ಅಷ್ಟೇ ತಂದಿರುತ್ತಾನೆ. ಹಾಗಾದರೆ ಖರ್ಚು ಕಳೆದು ಅವಳ ಕೈಗೆ ಉಳಿಯುವುದು 567. 22,000 ಮುಟ್ಟಬೇಕಾದರೆ ಎಷ್ಟು ಗಿರಾಕಿ ಬೇಕು? ಯಾರಾದರೂ ಭಾಗಿಸಿ ನೋಡಿ. ಹ್ಞಾ, ಮೂವತ್ತೊಂಬತ್ತು. ಮೂವತ್ತು ಇದ್ದದ್ದು ಮೂವತ್ತೊಂಬತ್ತು. ಮನೆ ಖರ್ಚು ನೂರಕ್ಕೆ ಹತ್ತು, ರೂಮಿನ ಪಾಲು ನೂರು ರೂಪಾಯಿ ಏರಿದ್ದಕ್ಕೆ ಕೆಲಸ ನೂರಕ್ಕೆ ಮೂವತ್ತು ಏರಿತು. ಇದನ್ನು ನಾನು ಮೊದಲ ಸಲ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದಾಗ ತಪ್ಪಾಗಿದೆ ಅಂದುಕೊಂಡು ಮೂರು ಸಲ ಒತ್ತಿದೆ. ಪುಸ್ತಕದ ಮೇಲೆ ನೋಡಿದರೆ ರೇಟು ಎರಡು ವರ್ಷದಿಂದ ಹಾಗೇ ನಿಂತಿದೆ, 'ಪಾಪ ಇವರು ಬೆಲೆ ಏರಿಸೇ ಇಲ್ಲ' ಅನ್ನಿಸುತ್ತದೆ. ಏರಿರುವುದು ಮೈಮೇಲೆ ಬೀಳುವ ಭಾರ, ಅದು ಯಾವ ಕಾಲಂನಲ್ಲೂ ಕಾಣುವುದಿಲ್ಲ.

ರೇಟು ಯಾಕೆ ಅಂಟಿಕೊಂಡಿರುತ್ತದೆ ಅಂದರೆ, ಒಂದು ಕಾರಣ ನೋಟು. ನಿಜವಾಗಿ, ನಗಬೇಡಿ. ನಗದು ವ್ಯವಹಾರದಲ್ಲಿ 1,366 ಅನ್ನುವ ರೇಟು ಇರುವುದಿಲ್ಲ. ಐನೂರರ ನೋಟಿನ ಲೆಕ್ಕದಲ್ಲಿ ಸಾವಿರ ಇರುತ್ತದೆ, ಒಂದೂವರೆ ಸಾವಿರ ಇರುತ್ತದೆ, ನಡುವೆ ಜಗಳ ಇರುತ್ತದೆ. ಯುಪಿಐ ಬಂದ ಮೇಲೆ ಎಷ್ಟು ಬೇಕಾದರೂ ಕಳಿಸಬಹುದಲ್ಲ ಅಂತ ನಾನೂ ಹೇಳಿದ್ದೆ. ಒಬ್ಬರು ನನ್ನ ಮುಖವನ್ನೇ ನೋಡಿದರು. "ಸ್ಕ್ಯಾನ್ ಮಾಡಿದ್ರೆ ನನ್ ಹೆಸ್ರು ಬರುತ್ತೆ ಮೇಡಂ, ಅಪ್ಪನ ಹೆಸ್ರೂ ಸೇರಿ." ನನಗೆ ಹೊಳೆದೇ ಇರಲಿಲ್ಲ. ಕೆಲವರು ಪರಿಚಯದ ಅಂಗಡಿಯವನ ಕ್ಯೂಆರ್ ತೋರಿಸುತ್ತಾರೆ, ಅವನು ನೂರಕ್ಕೆ ಹತ್ತು ಹಿಡಿದುಕೊಂಡು ನಗದು ಕೊಡುತ್ತಾನೆ. ಬ್ಯಾಂಕು ಬೇಡ ಅಂತಲ್ಲ, ಹೆಸರು ಕಾಣಬಾರದು ಅಂತ. ಬ್ಯಾಂಕಿಗಿಂತ ಅವನು ದುಬಾರಿ.

ಇನ್ನೊಂದು ಕಾರಣ ಒಗ್ಗಟ್ಟು. ಕಟಿಂಗ್ ಶಾಪಿನವರನ್ನು ನೋಡಿ. ಸಂಘದವರು ಸೇರುತ್ತಾರೆ, ಒಂದು ಬೋರ್ಡು ಪ್ರಿಂಟ್ ಮಾಡಿಸುತ್ತಾರೆ, ಎಲ್ಲ ಅಂಗಡಿಯಲ್ಲೂ ಕನ್ನಡಿ ಪಕ್ಕ ನೇತುಹಾಕುತ್ತಾರೆ. ನೀವು ಗೊಣಗಿದರೆ "ನಂದೇನೂ ಇಲ್ಲ ಸಾರ್, ಸಂಘದ ರೇಟು" ಅನ್ನುತ್ತಾರೆ. ಬೆಲೆ ಏರಿಸುವ ಪಾಪ ಯಾರ ತಲೆಗೂ ಅಂಟುವುದಿಲ್ಲ. ಇಲ್ಲಿ ಪ್ರತಿಯೊಬ್ಬಳೂ ಒಬ್ಬಳೇ, ಮುಚ್ಚಿದ ಬಾಗಿಲ ಹಿಂದೆ, ಒಬ್ಬ ಗಂಡಸಿನ ಮುಂದೆ ಏರಿಸಬೇಕು. ಅವನಿಗೋ ಕ್ವಿಂಟಲ್ ರಾಶಿಗೆ ಐನೂರು ಕಡಿಮೆ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ, ಆದರೆ ಇವಳು ನೂರು ಜಾಸ್ತಿ ಕೇಳಿದರೆ "ಏನ್ ಮಾರಾಯ್ತಿ, ನಿಂಗೂ ಬೆಲೆ ಏರಿಕೆನಾ" ಅಂತಾನೆ.

ಕಂತಿನ ದಿನದ ಕಥೆ ಬೇರೆಯೇ ಇದೆ. ನಾನು ಪುಸ್ತಕಗಳನ್ನು ತಾರೀಖಿನ ಪ್ರಕಾರ ನೋಡುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಂತು ಬುಧವಾರ ಇದ್ದವರ ಪುಸ್ತಕದಲ್ಲಿ ಮಂಗಳವಾರದ ಮೊತ್ತ ಯಾವಾಗಲೂ ಸಣ್ಣದು. ಗಿರಾಕಿ ಕಡಿಮೆ ಇದ್ದದ್ದಲ್ಲ, ರೇಟು ಕಡಿಮೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಸಾವಿರ ಬೇಕು ಅನ್ನುವವಳು ಇವತ್ತು ರಾತ್ರಿ ಎಂಟು ಗಂಟೆಗೆ ಎಂಟುನೂರಕ್ಕೂ ಒಪ್ಪುತ್ತಾಳೆ. ಇದು ಹಳೇ ಗಿರಾಕಿಗಳಿಗೂ ಗೊತ್ತಾಗಿಹೋಗಿರುತ್ತದೆ, ಅವರು ಮಂಗಳವಾರವೇ ಫೋನ್ ಮಾಡುತ್ತಾರೆ. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲಿಕ್ಕೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ನಿಮಗೆ ನೆನಪಿರಬಹುದು. ಆ ಚರ್ಚೆಯಲ್ಲಿ ಆತ್ಮಹತ್ಯೆಯ ಮಾತು ಬಂತು, ಊರು ಬಿಟ್ಟವರ ಮಾತು ಬಂತು. ಮಂಗಳವಾರದ ಮಾತು ಬರಲಿಲ್ಲ.

ಮತ್ತೆ ಕೆಲವರ ಪುಸ್ತಕದಲ್ಲಿ 'ಮಾ' ಅಂತ ಒಂದು ಸಾಲು ಇತ್ತು. ಮಾತ್ರೆ ಇರಬೇಕು ಅಂತ ನಾನು ಔಷಧಿ ಖರ್ಚಿಗೆ ಸೇರಿಸಿದ್ದೆ. ಮಾಮೂಲಿ ಅಂತ ಆಮೇಲೆ ಗೊತ್ತಾಯಿತು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮಲೆನಾಡಿನ ಹವಾಮಾನಕ್ಕೂ ಈ ರೇಟಿಗೂ ಸಂಬಂಧ ಇದೆ. ಜೂನ್‌ನಿಂದ ಮಳೆ ಹಿಡಿಯಿತು ಅಂದರೆ ಹಳ್ಳಿ ಕಡೆಯಿಂದ ಪೇಟೆಗೆ ಬರುವವರು ಕಡಿಮೆ, ಆಷಾಢದಲ್ಲಿ ಕೈಯಲ್ಲಿ ದುಡ್ಡೂ ಕಡಿಮೆ. ದುಡ್ಡು ಓಡಾಡುವುದು ಅಡಿಕೆ ಕೊಯ್ಲು ಶುರುವಾದ ಮೇಲೆ. ಆದರೆ ಅದೇ ಮಳೆಗಾಲದಲ್ಲಿ ಜೋಗ ತುಂಬುತ್ತದೆ, ಸಾಗರದ ಕಡೆ ಶನಿವಾರ ಭಾನುವಾರ ಟೂರಿಸ್ಟ್ ಕಾರು ಸಾಲು ನಿಲ್ಲುತ್ತವೆ, ರೂಮ್ ರೇಟು ಮೇಲೇರುತ್ತದೆ. ಗಿರಾಕಿ ಇಲ್ಲದ ಕಾಲದಲ್ಲೇ ರೂಮು ದುಬಾರಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಗಿರಾಕಿ ಇರುತ್ತಾರೆ, ರೂಮೇ ಸಿಗುವುದಿಲ್ಲ. ಭದ್ರಾವತಿಯ ಹಳಬರು ಎಂಪಿಎಂ ಕಾಗದ ಕಾರ್ಖಾನೆ, ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಜೋರಾಗಿದ್ದ ಕಾಲದ ಸಂಬಳದ ವಾರ ನೆನೆಸಿಕೊಳ್ಳುತ್ತಾರೆ, ಆ ಒಂದು ವಾರದಲ್ಲಿ ತಿಂಗಳ ಬಾಡಿಗೆ ಹುಟ್ಟುತ್ತಿತ್ತಂತೆ.

ಬಸ್ಸಿನ ವಿಷಯ ಹೇಳಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಬಯಲುಸೀಮೆಯ ಊರುಗಳಲ್ಲಿ ಕೆಲಸಕ್ಕೆ ಬೇರೆ ಊರಿಗೆ ಹೋಗುವವರಿಗೆ ಇದರಿಂದ ದೊಡ್ಡ ಉಳಿತಾಯ ಆಯಿತು. ತನ್ನ ಊರಲ್ಲಿ ಕೆಲಸ ಮಾಡಲಾಗದವಳಿಗೆ ಬಸ್ ಚಾರ್ಜ್ ಅಂದರೆ ಮರ್ಯಾದೆ ಉಳಿಸಿಕೊಳ್ಳುವ ಖರ್ಚು. ನಮ್ಮ ಮಲೆನಾಡಿನಲ್ಲಿ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್, ಅಲ್ಲಿ ಟಿಕೆಟ್ ಟಿಕೆಟ್ಟೇ. ತೀರ್ಥಹಳ್ಳಿ ಇಲ್ಲಿಂದ ಸುಮಾರು 60 ಕಿಲೋಮೀಟರ್. ಅಲ್ಲಿನ ಯಾವುದೋ ಹೋಮ್‌ಸ್ಟೇಗೆ 'ಒಂದು ಗಂಟೆ' ಅಂತ ಕರೆದರೆ ಹೋಗಿಬರುವ ಹೊತ್ತಿಗೆ ಅರ್ಧ ದಿನ. ಗಂಟೆ ಲೆಕ್ಕದ ಎಸ್ಕಾರ್ಟ್‌ಗಳು ಅದಕ್ಕೇ ಮೊದಲ ಗಂಟೆಗೆ ಜಾಸ್ತಿ ಹಾಕುತ್ತಾರೆ, ಎರಡನೆಯದಕ್ಕೆ ಕಡಿಮೆ. ತಯಾರಿ, ದಾರಿ, ಕಾಯುವುದು ಎಲ್ಲ ಮೊದಲ ಗಂಟೆಯ ಮೇಲೇ ಕೂರುತ್ತದೆ. ಪ್ಲಂಬರ್ ಮನೆಗೆ ಬಂದರೆ ವಿಸಿಟಿಂಗ್ ಚಾರ್ಜ್ ಅನ್ನುತ್ತಾನಲ್ಲ, ಹಾಗೇ.

ಈಗ ನನಗೆ ಸಂಕಟ ಆಗುವ ಭಾಗ. ರೇಟು ಏರಿಸಲಾಗದವಳ ಕೈಯಲ್ಲಿ ಮಾರಲಿಕ್ಕೆ ಇನ್ನೊಂದಿದೆ. ಕಾಂಡೋಮ್ ಬೇಡ ಅನ್ನುವ ಗಿರಾಕಿ ಜಾಸ್ತಿ ಕೊಡುತ್ತಾನೆ. ಇದು ಊಹೆ ಅಲ್ಲ. ಕೋಲ್ಕತ್ತದಲ್ಲಿ ಲೈಂಗಿಕ ವೃತ್ತಿಯವರ ಕೇರಿಯಾದ ಸೋನಾಗಾಚಿಯಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಯಾವಾಗಲೂ ಕಾಂಡೋಮ್ ಬಳಸುವವರ ಗಳಿಕೆ ಸಲವೊಂದಕ್ಕೆ ನೂರಕ್ಕೆ 66ರಿಂದ 79ರಷ್ಟು ಕಡಿಮೆ ಬೀಳುತ್ತಿತ್ತು. ಮೆಕ್ಸಿಕೋದ ಅಧ್ಯಯನ ಒಂದರಲ್ಲಿ ಕಾಂಡೋಮ್ ಬಿಟ್ಟರೆ ನೂರಕ್ಕೆ 23 ಹೆಚ್ಚು ಸಿಗುತ್ತಿತ್ತು. ಆರೋಗ್ಯ ಯೋಜನೆಯವರು ನಮಗೆ ತಿಳುವಳಿಕೆ ಕೊಡಿ, ತಿಳುವಳಿಕೆ ಕೊಡಿ ಅನ್ನುತ್ತಿದ್ದರು. ತಿಳುವಳಿಕೆ ಇಲ್ಲದವರು ನನಗೆ ಯಾರೂ ಸಿಗಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮಂಗಳವಾರ ರಾತ್ರಿ ಗೊತ್ತಿರುವುದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ.

ಸೋನಾಗಾಚಿಯವರು ಇದಕ್ಕೆ ದಾರಿ ಹುಡುಕಿದ್ದು ದುಡ್ಡಿನಿಂದಲೇ. 1995ರಲ್ಲಿ ಉಷಾ ಅನ್ನುವ ಸಹಕಾರ ಸಂಘ ಕಟ್ಟಿದರು. ಸದಸ್ಯರೆಲ್ಲ ಲೈಂಗಿಕ ವೃತ್ತಿಯವರೇ, ಉಳಿತಾಯ ಅವರದ್ದೇ, ಸಾಲ ಅವರಿಗೇ. ಬಡ್ಡಿಯವನ ಹತ್ತಿರ ಹೋಗದೆ ಸಾವಿರ ಸಿಗುತ್ತದೆ ಅಂದರೆ ಎದುರಿಗಿರುವವನಿಗೆ 'ಬೇಡ, ಹೋಗು' ಅನ್ನಬಹುದು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರದ್ದೇ ಸಂಘವಾದ ಆಶೋದಯ ಸಮಿತಿಯವರೂ ವರ್ಷಗಳಿಂದ ಕೂಡಿ ಕೆಲಸ ಮಾಡುತ್ತಿದ್ದಾರೆ. ಹೊರದೇಶದಲ್ಲಿ ನ್ಯೂಜಿಲೆಂಡ್ 2003ರಲ್ಲೇ ಈ ಕೆಲಸವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಬೆಲ್ಜಿಯಂ 2022ರಲ್ಲಿ ತೆಗೆದು, 2024ರ ಡಿಸೆಂಬರ್‌ನಿಂದ ಕೆಲಸದ ಕರಾರು, ಹೆರಿಗೆ ರಜೆ, ಗಿರಾಕಿಯನ್ನು ನಿರಾಕರಿಸುವ ಹಕ್ಕು ಎಲ್ಲ ಕೊಟ್ಟಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿಳಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣದ ಕೇಂದ್ರ ಸಂಸ್ಥೆಯಾದ ನ್ಯಾಕೋದ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು ಅಂತಾಯಿತು. ಸಣ್ಣದು ಅನ್ನಿಸಬಹುದು. ಆಧಾರ್ ಇದ್ದರೆ ರೇಷನ್ ಕಾರ್ಡು, ಕಾರ್ಡು ಇದ್ದರೆ ಅಕ್ಕಿ. ಬೋರ್ಡಿನ ಮೇಲಿನ 6,500ರಲ್ಲಿ ಒಂದಷ್ಟು ಇಳಿಯಿತು ಅಂದರೆ ಮೂವತ್ತೊಂಬತ್ತು ಅನ್ನುವ ಸಂಖ್ಯೆಯೂ ಇಳಿಯುತ್ತದೆ.

ಹಿಂದಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. 'ಇದನ್ನೆಲ್ಲ ಹೇಳಿಕೊಟ್ಟು ನೀವು ದಂಧೆ ಬೆಳೆಸುತ್ತಿಲ್ಲವೇ?' ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಚೀಟಿಯಲ್ಲೇ ಬರುತ್ತದೆ. ಮೂವತ್ತೊಂಬತ್ತನ್ನು ಮೂವತ್ತಕ್ಕೆ ಇಳಿಸಿದರೆ ದಂಧೆ ಬೆಳೆಯಿತೋ ಕುಗ್ಗಿತೋ ನೀವೇ ಭಾಗಿಸಿ ನೋಡಿ ಸಾರ್. ಬಿಡಬೇಕು ಅನ್ನುವವರಿಗೂ ಬಿಡಲಿಕ್ಕೆ ಕೈಯಲ್ಲಿ ಮೂರು ತಿಂಗಳ ಖರ್ಚು ಬೇಕು. ಅದು ಎಲ್ಲಿಂದ ಬರಬೇಕು?

ರೇಟು ಏರಿಸಿದವರೂ ಇದ್ದಾರೆ. ಅವರು ಹೇಗೆ ಏರಿಸಿದರು ಅಂತ ಹೇಳಿ ಮುಗಿಸುತ್ತೇನೆ. ಹೆಚ್ಚಿನವರು ರೇಟು ಮುಟ್ಟಲಿಲ್ಲ, ರೂಮು ಆಟೊ ಬೇರೆ ಮಾಡಿದರು. 'ನನ್ನದು ಅಷ್ಟೇ, ರೂಮು ನಿಮ್ಮದು.' ಗಿರಾಕಿಗೆ ಇವಳ ರೇಟು ಏರಿದ ಹಾಗೆ ಅನ್ನಿಸುವುದಿಲ್ಲ, ಲಾಡ್ಜಿನವನನ್ನು ಬೈದುಕೊಂಡು ಕೊಡುತ್ತಾನೆ. ಕೆಲವರು ಹೊತ್ತು ಕಡಿಮೆ ಮಾಡಿದರು, ಬಿಸ್ಕತ್ ಪ್ಯಾಕೆಟ್ ಸಣ್ಣದಾದ ಹಾಗೆ. ಮೊದಲ ದಿನ ನನ್ನ ಚಾರ್ಟ್ ಬಿಚ್ಚಿಸಿದ ಅಕ್ಕ ಇದ್ದರಲ್ಲ, ಅವರದ್ದು ಬೇರೆ ಉಪಾಯ. ಅವರ ಪುಸ್ತಕ ಇನ್ನೂರು ಪೇಜಿನದು, ಮಗಳ ಶಾಲೆಯದ್ದೇ, ಮೊದಲ ನಾಲ್ಕು ಹಾಳೆಯಲ್ಲಿ ಸಮಾಜ ವಿಜ್ಞಾನದ ನೋಟ್ಸು. 2025ರ ಏಪ್ರಿಲ್‌ನಲ್ಲಿ ಹಾಲಿನ ರೇಟು ಏರಿದ ದಿನ ಅದರಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಕೆಳಗೆ ಹೊಸಬರಿಗೆಲ್ಲ ಒಂದೂವರೆ ಸಾವಿರ. ಹಳಬರಲ್ಲಿ ನಾಲ್ಕು ಜನರಿಗೆ ಮಾತ್ರ ಹಳೇ ರೇಟು, ಪಕ್ಕದಲ್ಲಿ ಸಣ್ಣ ಟಿಕ್ ಮಾರ್ಕು.

ಈ ನಾಲ್ಕು ಜನಕ್ಕೆ ಯಾಕಕ್ಕ ರಿಯಾಯಿತಿ ಅಂತ ಕೇಳಿದೆ.

"ಅವ್ರು ಕುಡ್ಕೊಂಡು ಬರಲ್ಲ ಮೇಡಂ" ಅಂದರು. ಸ್ವಲ್ಪ ಯೋಚಿಸಿ ಒಂದು ಟಿಕ್ ಅಳಿಸಿಹಾಕಿದರು. "ಇವ್ನು ಹೋದ್ವಾರ ಕುಡ್ದಿದ್ದ."